ರಾಜಕೀಯ ನಿರಾಸೆ ಕಾಡಿದಾಗ: ಬೌದ್ಧ ಕರುಣೆಯನ್ನು ನಾಗರಿಕ ಕೆಲಸವಾಗಿಸುವ ಬಗೆ

ನಂಬಿದವರು ಚುನಾವಣೆಯಲ್ಲಿ ಸೋಲುತ್ತಾರೆ. ಇಲ್ಲವೇ ಗೆಲ್ಲುತ್ತಾರೆ, ಗೆದ್ದ ಆರು ತಿಂಗಳಿಗೆ ಕೊಟ್ಟ ಮಾತು ಮರೆಯುತ್ತಾರೆ. ಇದರ ಉರಿ ಸೋಲಿನದಕ್ಕಿಂತ ಒಂದು ಕೈ ಮೇಲು. ಆಮೇಲೆ ಸಿಗುವ ಉಪದೇಶ ಹೆಚ್ಚಾಗಿ ಎರಡೇ ಬಗೆಯದು. "ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ, ಧ್ಯಾನ ಮಾಡಿ" ಎನ್ನುವುದು ಒಂದು. "ಈ ಸಿಟ್ಟು ಆರಲು ಬಿಡಬೇಡಿ" ಎನ್ನುವುದು ಇನ್ನೊಂದು. ಮೊದಲನೆಯದನ್ನು ಹಿಡಿದವರು ಅಂದೇ ಮನೆ ಸೇರುತ್ತಾರೆ. ಎರಡನೆಯದನ್ನು ಹಿಡಿದವರು ವರ್ಷದೊಳಗೆ ಬಳಲಿ ಬೆಂಡಾಗಿ ಅಲ್ಲಿಗೇ ಬರುತ್ತಾರೆ.

5ನೇ ಶತಮಾನದ ಬೌದ್ಧ ವಿದ್ವಾಂಸ ಬುದ್ಧಘೋಷ ತನ್ನ 'ವಿಶುದ್ಧಿಮಗ್ಗ' ಎಂಬ ಸಾಧನಾಗ್ರಂಥದಲ್ಲಿ ಕರುಣೆ ಎಂಬ ಮಾತನ್ನು ಬಿಡಿಸುವಾಗ ಕೊಡುವ ಅರ್ಥಗಳಲ್ಲಿ ಎರಡು ಇಲ್ಲಿ ಮುಖ್ಯ. ಪರರ ದುಃಖ ಕಂಡು ಸಜ್ಜನರ ಎದೆ ನಡುಗುವುದು ಒಂದು. ಆ ದುಃಖವನ್ನು ಹೊಡೆದು ಇಲ್ಲವಾಗಿಸುವುದು ಇನ್ನೊಂದು. ಬರೀ ನಡುಕ ಇದ್ದರೆ ಅದು ಅರ್ಧ ಕರುಣೆ. ಇಲ್ಲಿ ಹೇಳಿರುವ ಹೆಜ್ಜೆಗಳೆಲ್ಲ ಆ ಉಳಿದರ್ಧಕ್ಕೆ ತಲುಪುವ ದಾರಿ. ಬೇಕಾದ್ದು ಇಷ್ಟು: ಮೂರು ದಿನದ ಸಂಯಮ, ದಿನಕ್ಕೆ 20 ನಿಮಿಷದ ಧ್ಯಾನ, ವಾರಕ್ಕೆ 2 ಗಂಟೆ ಕೆಲಸ, ಒಂದು ನೋಟ್‌ಬುಕ್, ಒಂದು ಫೈಲು. ಬೌದ್ಧರೇ ಆಗಿರಬೇಕೆಂದೇನಿಲ್ಲ.

ಹೊಸ ಆಡಳಿತದಿಂದಲೋ ಹೊಸ ಕಾನೂನಿನಿಂದಲೋ ನಿಮ್ಮ ಜೀವಕ್ಕೆ, ಮನೆಗೆ, ಪೌರತ್ವಕ್ಕೆ ನೇರ ಅಪಾಯ ಇದ್ದರೆ ಮೊದಲು ವಕೀಲರು, ಸುರಕ್ಷಿತ ಜಾಗ, ನಂಬಿಕಸ್ತರು. ಧ್ಯಾನ ಆಮೇಲೆ. ಹಾಗೆಯೇ ಎರಡು ವಾರ ಕಳೆದರೂ ನಿದ್ದೆ, ಊಟ ಹಾದಿಗೆ ಬರದಿದ್ದರೆ ವೈದ್ಯರನ್ನು ಕಾಣಿ. ಅದು ಬರೀ ರಾಜಕೀಯದ ಬೇಸರವಾಗಿ ಉಳಿದಿಲ್ಲ ಎಂದರ್ಥ.

ಮೊದಲ ಮೂರು ದಿನ

ಸಲ್ಲ ಸುತ್ತದಲ್ಲಿ (ಸುತ್ತ ಎಂದರೆ ಬುದ್ಧನ ಉಪದೇಶದ ಪಠ್ಯ) ಬುದ್ಧ ಎರಡು ಬಾಣಗಳ ಹೋಲಿಕೆ ಕೊಡುತ್ತಾನೆ. ಒಂದು ಬಾಣ ಮೈಗೆ ತಾಗುತ್ತದೆ. ಅದಕ್ಕಾಗಿ ಗೋಳಾಡುತ್ತ, ಎದೆ ಬಡಿದುಕೊಳ್ಳುತ್ತ ಕೂತವನಿಗೆ ಇನ್ನೊಂದು ಬಾಣ ಮನಸ್ಸಿಗೂ ತಾಗುತ್ತದೆ. ಮೊದಲ ದಿನದ ಕೆಲಸ ಈ ಎರಡನ್ನು ಬೇರೆ ಮಾಡುವುದು.

ನೋಟ್‌ಬುಕ್ಕಿನ ಒಂದು ಹಾಳೆಗೆ ನಡುವೆ ಗೆರೆ ಎಳೆಯಿರಿ. ನಿಜವಾಗಿ ಆದದ್ದು ಎಡಕ್ಕೆ. ಅದರ ಬಗ್ಗೆ ನಿಮಗೆ ನೀವೇ ಹೇಳಿಕೊಂಡದ್ದು ಬಲಕ್ಕೆ. "ಸಾರ್ವಜನಿಕ ಗ್ರಂಥಾಲಯ ಇನ್ನು ಸಂಜೆ 5ಕ್ಕೇ ಮುಚ್ಚುತ್ತದೆ" ಎಂಬುದು ಎಡದ ಸಾಲು. "ಈ ಜನಕ್ಕೆ ಬುದ್ಧಿಯೇ ಇಲ್ಲ", "ಇನ್ನೇನು ಮಾಡಿದರೂ ಅಷ್ಟೇ" ಇವು ಬಲದವು. ಹತ್ತು ನಿಮಿಷ ಬರೆದರೆ ಸಾಕು. ಎಡಕ್ಕೆ ಮೂರೋ ನಾಲ್ಕೋ ಸಾಲು ಬಂದು ಬಲಗಡೆ ಪುಟ ತುಂಬಿಹೋಗುವುದು ಸಹಜ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಭವಿಷ್ಯವನ್ನು ಎಡಗಡೆ ಬರೆಯುವುದು. "ಮುಂದಿನ ವರ್ಷ ಗ್ರಂಥಾಲಯವನ್ನೇ ಮುಚ್ಚುತ್ತಾರೆ" ಎನ್ನುವುದು ನಿಜವಾದರೂ ಆಗಬಹುದು, ಆದರೆ ಇಂದಿನ ಮಟ್ಟಿಗೆ ಅದರ ಜಾಗ ಬಲಗಡೆಯೇ. ಹಾಳೆಯನ್ನು ಹರಿಯಬೇಡಿ. ಎಡದ ಸಾಲುಗಳೇ ಮುಂದೆ ಕೆಲಸಕ್ಕೆ ಬರುವ ಸರಕು.

ಮೊದಲ 72 ಗಂಟೆ ಮಾಡಬಾರದ ಮೂರು ಕೆಲಸಗಳಿವೆ. ಸಾಮಾಜಿಕ ಜಾಲತಾಣದಲ್ಲಿ ಏನನ್ನೂ ಹಾಕಬೇಡಿ. ಯಾವ ಸಂಬಂಧವನ್ನೂ ಕಡಿದುಕೊಳ್ಳಬೇಡಿ, ಮನೆಮಂದಿಯ ವಾಟ್ಸ್ಆ್ಯಪ್ ಗುಂಪು ಬಿಡುವುದೂ ಇದರಲ್ಲಿ ಸೇರಿತು. ಯಾವ ಸಂಘಟನೆಗೂ ದೊಡ್ಡ ಮಾತು ಕೊಡಬೇಡಿ. ಮೂರನೆಯದು ವಿಚಿತ್ರ ಎನಿಸಬಹುದು. ಆದರೆ ಸಿಟ್ಟಿನ ಭರದಲ್ಲಿ ಐದು ಕಡೆ ಹೆಸರು ಬರೆಸಿದವರು ಎರಡನೇ ತಿಂಗಳಿಗೆ ಐದೂ ಕಡೆ ನಾಪತ್ತೆಯಾಗುತ್ತಾರೆ.

ಸುದ್ದಿಗೆ ದಿನಕ್ಕೆ ಎರಡು ಹೊತ್ತು, ಒಂದೊಂದು ಸಲ 15ರಿಂದ 20 ನಿಮಿಷ. ಮಲಗುವ ಮುಂಚಿನ ಒಂದು ಗಂಟೆ ಪೂರಾ ಬಂದ್. ಫಾರ್ವರ್ಡ್ ಆಗಿ ಬಂದದ್ದನ್ನು ಮುಂದಕ್ಕೆ ತಳ್ಳುವ ಮುಂಚೆ ಕಾಲಾಮ ಸುತ್ತವನ್ನು ನೆನೆಯಿರಿ. ಬರೀ ಇದರ ಮೇಲೆ ನಂಬಬೇಡಿ ಎಂದು ಬುದ್ಧ ಅಲ್ಲಿ ಹತ್ತು ಆಧಾರಗಳನ್ನು ಎಣಿಸುತ್ತಾನೆ. ಕೇಳಿಬಂದ ಮಾತು, ವದಂತಿ ಇವು ನಮಗೆ ಗೊತ್ತಿರುವವೇ. ಕಚ್ಚುವವು ಬೇರೆ ಎರಡು: ನಮ್ಮ ಅಭಿಪ್ರಾಯಕ್ಕೆ ಒಪ್ಪುತ್ತದೆ ಎಂದು ನಂಬುವುದು, ಹೇಳಿದವರು ನಮ್ಮ ಗುರು ಎಂದು ನಂಬುವುದು. ಎದುರು ಪಕ್ಷದವರ ಸುಳ್ಳು ನಮಗೆ ಬೇಗ ಕಾಣುತ್ತದೆ. ಈ ಎರಡು ಇರುವುದು ನಮ್ಮ ಪಕ್ಷದ ಸುಳ್ಳಿಗಾಗಿ.

ಇಪ್ಪತ್ತು ನಿಮಿಷದ ಮೈತ್ರಿ ಧ್ಯಾನ

ನಾಲ್ಕನೇ ದಿನದಿಂದ ಶುರು. ಹೊತ್ತು ಒಂದೇ ಇರಲಿ. ಕುರ್ಚಿಯಾದರೂ ಸರಿ, ಬೆನ್ನು ನೇರ ಇದ್ದರಾಯಿತು. ಮೊದಲ 3 ನಿಮಿಷ ಉಸಿರು. ಆಮೇಲೆ ನಾಲ್ಕು ಜನ, ಒಬ್ಬೊಬ್ಬರಿಗೆ 4 ನಿಮಿಷ: ನೀವು, ನೀವು ಗೌರವಿಸುವ ಆಪ್ತರೊಬ್ಬರು, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಒಬ್ಬರು, ಕೊನೆಗೆ ವೈರಿ. ಉಳಿದ 1 ನಿಮಿಷ ಸುಮ್ಮನೆ ಕೂರಲಿಕ್ಕೆ. ಒಬ್ಬೊಬ್ಬರನ್ನೂ ಮನಸ್ಸಿಗೆ ತಂದುಕೊಂಡು ಪಾಲಿ ಭಾಷೆಯ ಬೌದ್ಧ ಪರಂಪರೆಯ ನಾಲ್ಕು ಹಾರೈಕೆಗಳನ್ನು ನಿಧಾನಕ್ಕೆ ಹೇಳಿಕೊಳ್ಳಿ: ವೈರವಿಲ್ಲದೆ ಇರಲಿ, ಮನಸ್ಸಿನಲ್ಲಿ ದ್ವೇಷವಿಲ್ಲದೆ ಇರಲಿ, ಕೇಡು ತಾಗದಿರಲಿ, ತನ್ನನ್ನು ತಾನು ಸುಖವಾಗಿ ಕಾಪಾಡಿಕೊಳ್ಳಲಿ.

ಈ ಕ್ರಮ ಬುದ್ಧಘೋಷನದು. ವೈರಿಯಿಂದ ಶುರು ಮಾಡಬೇಡಿ ಎಂದು ಅವನೇ ಎಚ್ಚರಿಸಿದ್ದಾನೆ. ಮೊದಲ ವಾರ ವೈರಿಯನ್ನು ಬಿಟ್ಟುಬಿಡಿ, ಅವನ 4 ನಿಮಿಷವನ್ನು ಮೂರನೆಯವರಿಗೆ ಕೊಡಿ. ಮೂರನೆಯವರೆಂದರೆ ಕೌಂಟರಿನ ಆಚೆ ಕೂತ ಗುಮಾಸ್ತ, ದಿನಾ ಕಾಣುವ, ಹೆಸರು ಗೊತ್ತಿಲ್ಲದ ಪಕ್ಕದ ಬೀದಿಯವರು. ರಾಜಕೀಯದ ಮಟ್ಟಿಗೆ ಇಡೀ ಧ್ಯಾನದಲ್ಲಿ ತೂಕದ ಹೆಜ್ಜೆ ಇದೇ. ಯಾಕೆಂದರೆ ಯಾವ ನೀತಿ ಕೆಟ್ಟರೂ ಪೆಟ್ಟು ಬೀಳುವುದು ಇಂಥ ಹೆಸರಿಲ್ಲದವರಿಗೆ. ನಮ್ಮ ತಲೆಯೊಳಗಿನ ಜಗಳದಲ್ಲಿ ಇವರಿಗೆ ಜಾಗವೇ ಇರುವುದಿಲ್ಲ, ಅಲ್ಲಿ ಬರೀ ನಾಯಕರ ಮುಖಗಳು.

ಎರಡನೇ ವಾರ ವೈರಿಗೆ ಬನ್ನಿ. ಆಗಲೂ ಟಿವಿಯಲ್ಲಿ ಕಾಣುವ ನಾಯಕರನ್ನು ಆರಿಸಬೇಡಿ. ಅವರು ನಿಮ್ಮ ಪಾಲಿಗೆ ಚಿತ್ರ ಮಾತ್ರ. ಬೇರೆ ಕಡೆ ಮತ ಹಾಕಿದ ಒಬ್ಬ ಪರಿಚಿತರನ್ನು ತಂದುಕೊಳ್ಳಿ. ಸಿಟ್ಟು ಕುದಿಯತೊಡಗಿದರೆ ಹಲ್ಲು ಕಚ್ಚಿ ಮುಂದುವರಿಯದೆ ಆಪ್ತರ ಹೆಜ್ಜೆಗೆ ಹಿಂದಿರುಗಿ, ಅಲ್ಲಿ ಮನಸ್ಸು ನಿಂತ ಮೇಲೆ ಮತ್ತೆ ಬನ್ನಿ. ಅದಕ್ಕೂ ಜಗ್ಗದಿದ್ದರೆ ವಿಶುದ್ಧಿಮಗ್ಗದಲ್ಲೊಂದು ಮೋಜಿನ ಉಪಾಯವಿದೆ: ನಿನಗೆ ಸಿಟ್ಟು ಬಂದದ್ದು ಯಾವುದರ ಮೇಲೆ? ಅವನ ತಲೆಗೂದಲ ಮೇಲೋ, ಮೈಗೂದಲ ಮೇಲೋ, ಉಗುರಿನ ಮೇಲೋ? ಹೀಗೆ ಬಿಡಿಬಿಡಿಯಾಗಿ ಕೇಳುತ್ತ ಹೋದರೆ ಸಿಟ್ಟಿಗೆ ಊರಲು ನೆಲ ಸಿಗುವುದಿಲ್ಲ ಎನ್ನುತ್ತದೆ ಗ್ರಂಥ. ಹಾಸ್ಯಾಸ್ಪದ ಅನ್ನಿಸಿದರೂ ಮಾಡಿ ನೋಡಿ; ಉಗುರಿನ ಹೊತ್ತಿಗೆ ಸಣ್ಣ ನಗೆ ಬಂದರೆ ಕೆಲಸ ಆಯಿತು.

ನಾಯಕರಿಗೆ ಮೈತ್ರಿ ಹಾರೈಸಿದರೆ ಅವರ ನೀತಿಗೂ ಜಯ ಹಾರೈಸಿದಂತಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಾರೈಕೆಯನ್ನು ಮತ್ತೊಮ್ಮೆ ಓದಿ: ವೈರವಿಲ್ಲದೆ ಇರಲಿ. ವೈರ ಬಿಟ್ಟ ಅಧಿಕಾರಸ್ಥನ ನೀತಿ ಇದ್ದಂತೆಯೇ ಇರುತ್ತದೆಯೇ?

ಕೆಡುವುದು ಎಲ್ಲಿ ಎಂದು ತಿಳಿಯಲು 'ಹತ್ತಿರದ ಶತ್ರು' ಎಂಬ ಪರಿಕಲ್ಪನೆಯಷ್ಟು ಉಪಯೋಗದ್ದು ಇನ್ನೊಂದಿಲ್ಲ. ಕರುಣೆಯ ದೂರದ ಶತ್ರು ಕ್ರೌರ್ಯ, ಅದು ಎಲ್ಲರಿಗೂ ಕಾಣುತ್ತದೆ. ಹತ್ತಿರದ ಶತ್ರು ಕರುಣೆಯದೇ ವೇಷ ಹಾಕಿ ಬರುವ ಶೋಕ: ಲೋಕದ ಕಷ್ಟಕ್ಕೆ ಮರುಗುತ್ತಿದ್ದೇವೆ ಅಂದುಕೊಳ್ಳುತ್ತೇವೆ, ಮರುಗುತ್ತಿರುವುದು ನಮ್ಮ ಕೈತಪ್ಪಿದ್ದಕ್ಕೆ. ಗುರುತು ಸುಲಭ. ಧ್ಯಾನದಿಂದ ಎದ್ದ ಕೂಡಲೇ ಕೈ ಮೊಬೈಲಿಗೆ ಹೋಗಿ ಇನ್ನೂ ನಾಲ್ಕು ಕೆಟ್ಟ ಸುದ್ದಿ ಹುಡುಕಿದರೆ ಅದು ಶೋಕ. ಯಾರಿಗಾದರೂ ಫೋನ್ ಮಾಡಿ 'ಏನಾದರೂ ಬೇಕೇ' ಎಂದು ಕೇಳಬೇಕೆನ್ನಿಸಿದರೆ ಕರುಣೆ. ಉಪೇಕ್ಷೆಗೂ ಹಾಗೆಯೇ; ಬೌದ್ಧರಲ್ಲಿ ಅದರರ್ಥ ಕಡೆಗಣಿಸುವುದಲ್ಲ, ಸಮಚಿತ್ತ. ಅದರ ಹತ್ತಿರದ ಶತ್ರು ತಿಳಿಯದೆ ತೋರುವ ಉದಾಸೀನ. "ಎಲ್ಲ ಪಕ್ಷವೂ ಒಂದೇ ಬಿಡಿ" ಎನ್ನುವ ಪ್ರೌಢ ನಿಟ್ಟುಸಿರು ಉಪೇಕ್ಷೆಯಲ್ಲ.

ಎಡದ ಸಾಲನ್ನು ಕೆಲಸವಾಗಿಸುವುದು

ಎರಡು ವಾರದ ಮೇಲೆ ಹಾಳೆ ತೆಗೆದು ಎಡಗಡೆಯ ಒಂದೇ ಒಂದು ಸಾಲು ಆರಿಸಿ. ನಿರ್ಧಾರ ಮಾಡುವವರು ನಿಮಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ರಾಷ್ಟ್ರಮಟ್ಟದ ಸಾಲಿಗಿಂತ ಸ್ಥಳೀಯ ಆಡಳಿತದ್ದು ಮೇಲು. ಇನ್ನು ಅದಕ್ಕೆ ನಾಲ್ಕು ಆರ್ಯಸತ್ಯಗಳ ಪ್ರಶ್ನೆ ಹಾಕಿ. ದುಃಖ ಯಾರದು? ಹಗಲು ದುಡಿಯುವವರದು, ಮನೆಯಲ್ಲಿ ಓದಲು ಜಾಗವಿಲ್ಲದ ಮಕ್ಕಳದು. ಕಾರಣ ಏನು? "ದುರಾಡಳಿತ" ಎಂದು ಬರೆದರೆ ನೀವು ಬಲಗಡೆಗೆ ಜಾರಿದಿರಿ. ಸಂಜೆಯ ಪಾಳಿಯ ಸಿಬ್ಬಂದಿ ಸಂಬಳವನ್ನು ಬಜೆಟ್ಟಿನಿಂದ ತೆಗೆದದ್ದೇ ಎಂದು ವಿಚಾರಿಸಿ, ಖಚಿತವಾದ ಮೇಲೆ ಬರೆಯಿರಿ. ನಿವಾರಣೆ ಅಂದರೆ ಇಲ್ಲಿ ಹೇಗಿರುತ್ತದೆ? ವಾರಕ್ಕೆ ಮೂರು ದಿನವಾದರೂ ರಾತ್ರಿ 8ರವರೆಗೆ ಬಾಗಿಲು ತೆರೆದಿರುವುದು. ಮಾರ್ಗ? ಯಾವ ಸಮಿತಿ, ಯಾವ ತಿಂಗಳ ಸಭೆ, ಯಾರ ಸಹಿ.

ಕಾರಣವನ್ನು ಇಷ್ಟು ನಿಖರವಾಗಿ ಹುಡುಕುವುದು ಬೌದ್ಧ ಸಾಹಿತ್ಯಕ್ಕೆ ಹೊಸದಲ್ಲ. ಕೂಟದಂತ ಸುತ್ತದಲ್ಲಿ ರಾಜ್ಯದ ತುಂಬ ದರೋಡೆ ಎದ್ದಾಗ ಪುರೋಹಿತ ರಾಜನಿಗೆ ಹೇಳುವುದು ಕೇಳಿ: ಕೊಲ್ಲಿಸಿ, ಸೆರೆಗೆ ಹಾಕಿ ಇದು ನಿಲ್ಲುವುದಿಲ್ಲ, ಬೇಸಾಯಗಾರರಿಗೆ ಬಿತ್ತನೆ ಬೀಜ ಮತ್ತು ಮೇವು, ವ್ಯಾಪಾರಿಗಳಿಗೆ ಬಂಡವಾಳ, ರಾಜಸೇವಕರಿಗೆ ಸಂಬಳ ಕೊಡು. ನೈತಿಕ ಬೋಧನೆಯಲ್ಲ, ಬಜೆಟ್ಟು!

ಮುಂದಿನದು ಎಣಿಕೆ. ಮೂರು ಸಂಜೆ 5ರಿಂದ 5.30ರವರೆಗೆ ಗ್ರಂಥಾಲಯದ ಬಾಗಿಲಲ್ಲಿ ನಿಂತು, ಬಂದು ವಾಪಸ್ ಹೋದವರನ್ನು ಎಣಿಸಿ. ನಿಮ್ಮ ಕಣ್ಣಾರೆ ಎಣಿಸಿದ ಒಂದು ಸಂಖ್ಯೆ ಹತ್ತು ವಿಶೇಷಣಗಳಿಗಿಂತ ಭಾರ. ಆಮೇಲೆ ಪತ್ರ, ಒಂದೇ ಪುಟ. ಮಾದರಿ ಹೀಗೆ:

"ನಾನು ನಿಮ್ಮ ಕ್ಷೇತ್ರದ ಮತದಾರ. ನಮ್ಮ ಸಾರ್ವಜನಿಕ ಗ್ರಂಥಾಲಯ ಕಳೆದ ತಿಂಗಳಿಂದ ಸಂಜೆ 5ಕ್ಕೆ ಮುಚ್ಚುತ್ತಿದೆ. ಹಗಲು ದುಡಿಯುವವರಿಗೂ, ಮನೆಯಲ್ಲಿ ಓದಲು ಜಾಗವಿಲ್ಲದ ಮಕ್ಕಳಿಗೂ ಅದು ಸಿಗದಂತಾಗಿದೆ. ಕಳೆದ ವಾರ ಮೂರು ಸಂಜೆ ಅರ್ಧರ್ಧ ಗಂಟೆ ನಿಂತು ಎಣಿಸಿದಾಗ 41 ಮಂದಿ ವಾಪಸ್ ಹೋದರು. ವಾರಕ್ಕೆ ಮೂರು ದಿನ ರಾತ್ರಿ 8ರವರೆಗೆ ತೆರೆದಿಡುವ ಪ್ರಸ್ತಾವವನ್ನು ಮುಂದಿನ ಬಜೆಟ್ ಸಭೆಯಲ್ಲಿ ತಾವು ಮಂಡಿಸುವಿರಾ? ಈ ತಿಂಗಳ 30ರೊಳಗೆ ಉತ್ತರ ಕೊಟ್ಟರೆ ಉಪಕಾರವಾಗುತ್ತದೆ."

ನಾನು ಯಾರು, ಏನಾಗಿದೆ, ಯಾರಿಗೆ ನೋವು, ಒಂದು ಅಂಕಿ, ಒಂದು ಬೇಡಿಕೆ, ಒಂದು ದಿನಾಂಕ. ಬೇಡಿಕೆ ಪ್ರಶ್ನೆಯ ರೂಪದಲ್ಲಿದ್ದರೆ ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಪತ್ರ ಸೋಲುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಮೂರು ಬೇಡಿಕೆ ತುರುಕಿದ್ದು, ನೂರು ಜನ ಒಂದೇ ಒಕ್ಕಣೆಯನ್ನು ನಕಲು ಮಾಡಿ ಕಳಿಸಿದ್ದು, ಎಲ್ಲಕ್ಕಿಂತ ಹೆಚ್ಚಾಗಿ ಅಧಿಕಾರವೇ ಇಲ್ಲದವರಿಗೆ ಕಳಿಸಿದ್ದು. ಕಳಿಸುವ ಮುಂಚೆ ಕಚೇರಿಗೆ ಫೋನ್ ಮಾಡಿ "ಇದನ್ನು ತೀರ್ಮಾನ ಮಾಡುವವರು ಯಾರು" ಎಂದು ಕೇಳಿ. 14 ದಿನಕ್ಕೆ ಒಂದು ನೆನಪೋಲೆ, 30 ದಿನಕ್ಕೆ ಖುದ್ದು ಭೇಟಿ. ಮಾಹಿತಿ ಹಕ್ಕಿನ ಕಾನೂನು ಇರುವ ಕಡೆ ಸಂಬಂಧಪಟ್ಟ ಬಜೆಟ್ ಪುಟದ ನಕಲು ಕೇಳಿ. ಪೂರ್ತಿ ಕಡತ ಕೇಳಿದರೆ ತಡವಾಗುತ್ತದೆ.

ಸಾರ್ವಜನಿಕ ಸಭೆಯಲ್ಲಿ ಮಾತಾಡಲು ಎರಡು ನಿಮಿಷ ಸಿಕ್ಕರೆ 150 ಪದ ಮೀರದಂತೆ ಬರೆದುಕೊಂಡು, ಗಟ್ಟಿಯಾಗಿ ಮೂರು ಸಲ ಓದಿ ಹೋಗಿ. ಬೇಡಿಕೆಯನ್ನು ಮೊದಲ ವಾಕ್ಯದಲ್ಲೇ ಇಡಿ, ಮೈಕ್ ನಡುವೆ ಕಟ್ಟಾದರೂ ಅದು ದಾಖಲಾಗಿರುತ್ತದೆ.

ಕಹಿ ಮಾತು ಆಡಬಹುದೇ?

ಆಡಬಹುದು. ಅಭಯ ರಾಜಕುಮಾರ ಬುದ್ಧನನ್ನು ಇದೇ ಪ್ರಶ್ನೆಯಲ್ಲಿ ಸಿಕ್ಕಿಸಲು ಬಂದಿದ್ದ, ಅವನ ತೊಡೆಯ ಮೇಲೆ ಪುಟ್ಟ ಮಗು ಇತ್ತು. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧ ಕೇಳಿದ. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲಿನ ಕರುಣೆಯಿಂದ ಎಂದ ರಾಜಕುಮಾರ. ಮಾತಿಗೂ ಅದೇ ನ್ಯಾಯ. ಸತ್ಯವಾಗಿರಬೇಕು, ಹಿತವಾಗಿರಬೇಕು, ಅಪ್ರಿಯವಾದದ್ದಾದರೆ ಹೊತ್ತು ನೋಡಿ ಆಡಬೇಕು. ಮೃದು ಎಂದರೆ ಅಸ್ಪಷ್ಟ ಎಂದಲ್ಲ.

ಅಸಹಕಾರಕ್ಕೂ ಇಲ್ಲಿ ಜಾಗವಿದೆ. 2007ರಲ್ಲಿ ಮ್ಯಾನ್ಮಾರಿನ ಭಿಕ್ಷುಗಳು ಮೈತ್ರಿ ಸುತ್ತವನ್ನು ಪಠಿಸುತ್ತ ಬೀದಿಗಿಳಿದರು, ಜೊತೆಗೆ ಸೇನಾಡಳಿತದವರ ಭಿಕ್ಷೆಯನ್ನು ನಿರಾಕರಿಸಿ ಪಾತ್ರೆ ಬೋರಲು ಹಾಕಿದರು. ಇದು ಭಿಕ್ಷುಗಳ ನಿಯಮಗ್ರಂಥವಾದ ವಿನಯ ಪಿಟಕದಲ್ಲೇ ಇರುವ ಕ್ರಮ. ಸಂಘಕ್ಕೆ ಕೇಡು ಮಾಡಿದ ಗೃಹಸ್ಥನ ಮೇಲೆ ಪಾತ್ರೆ ಬೋರಲು ಹಾಕಬಹುದು. ಅವನು ತಪ್ಪೊಪ್ಪಿ ನಡತೆ ತಿದ್ದಿಕೊಂಡರೆ ಪಾತ್ರೆಯನ್ನು ಮತ್ತೆ ಎತ್ತಿ ಹಿಡಿಯುವ ವಿಧಿಯೂ ಅಲ್ಲೇ ಇದೆ. ಹಾಗಾಗಿ ನೀವು ಬಹಿಷ್ಕಾರವನ್ನೋ ಧರಣಿಯನ್ನೋ ಘೋಷಿಸುವಾಗ ಕರಪತ್ರದ ಕೊನೆಯಲ್ಲಿ ಒಂದು ಸಾಲು ಇರಲೇಬೇಕು: ಏನಾದರೆ ನಾವು ಇದನ್ನು ನಿಲ್ಲಿಸುತ್ತೇವೆ. ಆ ಸಾಲಿಲ್ಲದ ಪ್ರತಿಭಟನೆ ಎದುರಿನವರಿಗೆ ಬದಲಾಗಲು ದಾರಿ ಬಿಡುವುದಿಲ್ಲ.

ಅದೇ ಮ್ಯಾನ್ಮಾರಿನಲ್ಲಿ, ಶ್ರೀಲಂಕಾದಲ್ಲಿ ಕೂಡ, ಕಾವಿ ತೊಟ್ಟ ಕೆಲವರು ಮುಸ್ಲಿಮರ ಮೇಲೆ ದ್ವೇಷ ಹರಡಿದ್ದೂ ಉಂಟು. ಬೌದ್ಧ ಎಂಬ ಹಣೆಪಟ್ಟಿ ಯಾರನ್ನೂ ಕಾಯುವುದಿಲ್ಲ.

ಬೇರೆ ಕಡೆಯವರ ಜೊತೆ ಮಾತು ಎದುರಾಎದುರು, ಇಬ್ಬರೇ ಇರುವಾಗ ನಡೆಯಲಿ. ಮೊದಲ ಹತ್ತು ನಿಮಿಷ ನೀವು ಬರೀ ಕೇಳಿ: ಈ ನಿಲುವಿಗೆ ಹೇಗೆ ಬಂದಿರಿ, ಇದರಲ್ಲಿ ನಿಮಗೆ ಯಾವುದರ ಭಯ, ನಾನೇನು ತಪ್ಪು ತಿಳಿದಿದ್ದೇನೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು, ಕೋಲಿಯರು ಎಂಬ ಎರಡು ಕುಲಗಳು ಆಯುಧ ಹಿಡಿದು ನಿಂತಾಗ ಜಗಳ ಯಾವುದಕ್ಕೆ ಎಂದು ಬುದ್ಧ ಕೇಳಿದನಂತೆ. ರಾಜರಿಗೆ ಗೊತ್ತಿರಲಿಲ್ಲ. ಸೇನಾಪತಿಯನ್ನು ಕೇಳಿ, ಅವರಿವರನ್ನು ಕೇಳಿ, ಕೊನೆಗೆ ಹೊಲದ ಆಳುಗಳಿಂದ ಗೊತ್ತಾಯಿತು, ನೀರಿಗೆ ಎಂದು. ನಮ್ಮ ಜಗಳಗಳಲ್ಲೂ ನೀರು ಎಲ್ಲೋ ಕೆಳಗೆ ಇರುತ್ತದೆ. ಎದುರಿನವರು ಬೈಗುಳಕ್ಕಿಳಿದರೆ ಮಾತು ಅಲ್ಲಿಗೆ ಮುಗಿಸಿ. ಅತಿಥಿ ಮುಟ್ಟದ ಊಟ ಬಡಿಸಿದವನಿಗೇ ಉಳಿಯುತ್ತದೆ ಎಂದು ಬುದ್ಧ ಒಬ್ಬ ಬೈಗುಳದ ಬ್ರಾಹ್ಮಣನಿಗೆ ಹೇಳಿದ್ದ.

ಐದಾರು ಜನರ ಗುಂಪು

ಒಬ್ಬರೇ ಮಾಡಿದರೆ ಮೂರನೇ ತಿಂಗಳಿಗೆ ನಿಲ್ಲುತ್ತದೆ. ಐದರಿಂದ ಏಳು ಜನ ಸಾಕು, ಹದಿನೈದು ದಿನಕ್ಕೊಮ್ಮೆ 75 ನಿಮಿಷ. ತನ್ನ ಕಾಲದ ವಜ್ಜಿ ಗಣರಾಜ್ಯ ಕೆಡದಿರಲು ಬುದ್ಧ ಹೇಳಿದ ಏಳು ನಿಯಮಗಳಲ್ಲಿ ಮೊದಲನೆಯದು ಆಗಾಗ ಸೇರುವುದು, ಎರಡನೆಯದು ಒಮ್ಮತದಿಂದ ಸೇರಿ ಒಮ್ಮತದಿಂದ ಏಳುವುದು. ಏಳುವುದನ್ನೂ ಹೇಳಿದ್ದಾನೆ, ಗಮನಿಸಿ. ಸಭೆಗಳು ಒಡೆಯುವುದು ಬಾಗಿಲಾಚೆ ಚಪ್ಪಲಿ ಹಾಕಿಕೊಳ್ಳುವಾಗ. 5 ನಿಮಿಷ ಮೌನ, ಬೇಸರ ಹೇಳಿಕೊಳ್ಳಲು ತಲಾ 2 ನಿಮಿಷ, ಹಿಂದಿನ ಕೆಲಸದ ವರದಿಗೆ 15 ನಿಮಿಷ, ಮುಂದಿನ ಕೆಲಸಕ್ಕೆ 30, ಯಾರು ಯಾವ ದಿನಾಂಕದೊಳಗೆ ಏನು ಮಾಡುತ್ತಾರೆ ಎಂದು ಬರೆದುಕೊಳ್ಳಲು ಉಳಿದದ್ದು. ಬೇಸರದ ಹೊತ್ತಿಗೆ ಗಡಿಯಾರ ಇಡದಿದ್ದರೆ 75 ನಿಮಿಷವೂ ಅದಕ್ಕೇ ಹೋಗುತ್ತದೆ. ಗುಂಪಿನಲ್ಲಿ ನಮಗಿಂತ ಶಾಂತರು ಯಾರೂ ಇಲ್ಲ ಎಂಬ ಭಾವ ಮೆಲ್ಲಗೆ ಬೆಳೆಯುತ್ತದೆ. ಮಾನ, ಅಂದರೆ ಅಹಂಕಾರ, ಅರ್ಹಂತ, ಅಂದರೆ ಪೂರ್ತಿ ಮುಕ್ತನಾದವ, ಆಗುವವರೆಗೂ ಬಿಡದ ಬಂಧನಗಳಲ್ಲಿ ಒಂದು.

ವಾರಕ್ಕೊಂದು ದಿನ ಸುದ್ದಿಯೂ ಬೇಡ, ಗುಂಪಿನ ಕೆಲಸವೂ ಬೇಡ. ಪರಂಪರೆಯಲ್ಲಿ ಉಪೋಸಥ ಎಂಬ ವ್ರತಾಚರಣೆಗೆ ಚಂದ್ರನ ತಿಂಗಳಲ್ಲಿ ನಾಲ್ಕು ದಿನ ಇದ್ದೇ ಇವೆ.

ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡಿ: ಕಳಿಸಿದ ಪತ್ರ, ಹೋದ ಸಭೆ, ಬಂದ ಉತ್ತರ. ಇವು ನಿಮ್ಮ ಕೈಯಲ್ಲಿರುವವು. ಗೆದ್ದಿರಾ ಸೋತಿರಾ ಎಂಬುದು ಲಾಭ-ಅಲಾಭ, ಯಶಸ್ಸು-ಅಪಯಶಸ್ಸು ಎಂಬ ಲೋಕಧರ್ಮಗಳ, ಅಂದರೆ ಬದುಕಿನಲ್ಲಿ ಬಂದುಹೋಗುವ ಏರಿಳಿತಗಳ, ಪಟ್ಟಿಗೆ ಸೇರಿದ್ದು. ಅದನ್ನು ಬೇರೆ ಪುಟದಲ್ಲಿ ಬರೆಯಿರಿ. ಇನ್ನೊಂದು ಪ್ರಶ್ನೆಯೂ ಇರಲಿ: ಈ ಮೂರು ತಿಂಗಳಲ್ಲಿ ನಾನು ಹೊಸದಾಗಿ ಯಾರನ್ನು ದ್ವೇಷಿಸತೊಡಗಿದೆ? ಆ ಹೆಸರು ನಾಳೆಯ ಧ್ಯಾನದ ನಾಲ್ಕನೇ ಜಾಗಕ್ಕೆ.

ನಿಮಗಾಗದ ಪ್ರತಿನಿಧಿಯೊಬ್ಬರು ಎಂದಾದರೂ ಸರಿಯಾದ ಕಡೆ ಮತ ಹಾಕಿದರೆ ಐದು ಸಾಲಿನ ಕೃತಜ್ಞತಾ ಪತ್ರ ಬರೆಯಿರಿ, "ಆದರೆ" ಎಂಬ ಪದ ಇಲ್ಲದೆ. ಮುದಿತೆಯ, ಅಂದರೆ ಪರರ ಒಳಿತಿಗೆ ಹಿಗ್ಗುವುದರ, ಅಭ್ಯಾಸಕ್ಕೆ ಇದಕ್ಕಿಂತ ಕಷ್ಟದ್ದು ಸಿಗಲಿಕ್ಕಿಲ್ಲ. ಬೈಗುಳದ ರಾಶಿಯಲ್ಲಿ ಅಂಥದೊಂದು ಪತ್ರ ಎದ್ದು ಕಾಣುತ್ತದೆ, ಮುಂದಿನ ಸಲ ನಿಮ್ಮ ಫೋನ್ ಎತ್ತಿಕೊಳ್ಳುತ್ತಾರೆ ಎಂಬ ಪ್ರಯೋಜನ ಬೇರೆ.

ಒಂದು ವರ್ಷ ಆದ ಮೇಲೆ ಬಿಡಬೇಕೆನ್ನಿಸಿದರೆ ಬಿಡಬಹುದು, ಸುಮ್ಮನೆ ಕಾಣೆಯಾಗಬೇಡಿ. ಫೈಲಿನಲ್ಲಿ ಪತ್ರಗಳ ನಕಲು, ಉತ್ತರಗಳು, ಎಣಿಕೆಯ ಹಾಳೆ, ಕಚೇರಿಯಲ್ಲಿ ಯಾರನ್ನು ಎಷ್ಟು ಹೊತ್ತಿಗೆ ಕಾಣಬೇಕೆಂಬ ಟಿಪ್ಪಣಿ, ಮುಂದಿನ ಸಭೆಯ ದಿನಾಂಕ ಇವಿಷ್ಟು ಇರಲಿ. ಅದನ್ನು ಹೊಸಬರ ಕೈಗೆ ಕೊಟ್ಟು, ಅವರ ಮೊದಲ ಸಭೆಗೆ ಜೊತೆಯಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ.